ಸವಾ ದೋ ಪೇಟಿ

ಮುಂಬಯಿಯಲ್ಲಿ ಹಳೆಯ ಕಾರು ಮಾರುವವರ ಬಳಿ ಇರುವ ಗಾಡಿಗಳೆಲ್ಲ ಡಾಕ್ಟರರವೇ. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ, ಮಂಗಳವಾರ ಮಾತ್ರ ಸಿದ್ಧಿವಿನಾಯಕನ ಗುಡಿಗೆ. ಅದು ಬಿಟ್ಟರೆ ಗಾಡಿ ಸೊಸೈಟಿಯ ಗೇಟು ದಾಟಿದ್ದಿಲ್ಲ. ಮುಲುಂಡಿನ ಮಾವ ಮೂರು ಭಾನುವಾರ ತಿರುಗಿ ಇಂಥ ಏಳು ಡಾಕ್ಟರರ ಗಾಡಿ ನೋಡಿದರು. ಅಷ್ಟು ವೈದ್ಯರ ಕೈಯಲ್ಲಿ ಬೆಳೆದಿದ್ದರೂ ಒಂದರ ಆರೋಗ್ಯವೂ ನೆಟ್ಟಗಿರಲಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ಮಾವನಿಗೆ ಕಾರು ಬೇಕಾದದ್ದು ಮುಂಬಯಿಗಲ್ಲ. ಇಲ್ಲಿ ಲೋಕಲ್ ಇದೆ, ರಿಕ್ಷಾ ಇದೆ. ಪಾರ್ಕಿಂಗ್ ಒಂದೇ ಇಲ್ಲ. ಬೇಕಾದದ್ದು ಮೇ ತಿಂಗಳಲ್ಲಿ ಕುಂದಾಪುರಕ್ಕೆ ಹೋಗಲು. ಮತ್ಸ್ಯಗಂಧ ರೈಲಿನ ಬುಕಿಂಗ್ ತೆರೆದು, ಮಾವ ಕನ್ನಡಕ ಹುಡುಕಿ ಮೂಗಿಗೇರಿಸುವಷ್ಟರಲ್ಲಿ ವೇಟಿಂಗ್ ಲಿಸ್ಟು ಮುನ್ನೂರು ಮುಟ್ಟಿರುತ್ತದೆ. ಕೈಯಲ್ಲಿ ಎರಡು ಲಕ್ಷದ ಆಸುಪಾಸು ಇತ್ತು. ಷರತ್ತು ಅತ್ತೆಯದು: “ಐವತ್ತು ಸಾವಿರಕ್ಕಿಂತ ಹೆಚ್ಚು ಓಡಿದ್ದನ್ನು ಮನೆಗೆ ತರ್ಬೇಡಿ.”

ಈ ಷರತ್ತೇ ಮಾವನನ್ನು ಡಾಕ್ಟರರ ಬಾಗಿಲಿಗೆ ಅಟ್ಟಿದ್ದು. ನಾಲ್ಕನೆಯ ಭಾನುವಾರ ಅವರು ಭಾಂಡುಪಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಕಾರ್ಕಳ ಕಡೆಯ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡರು.

ಎಂಟನೆಯ ಡಾಕ್ಟರರ ಗಾಡಿ ಕುರ್ಲಾದಲ್ಲಿತ್ತು. ಬಿಳಿ ಬಣ್ಣ, 2014ರ ಮಾಡೆಲ್ಲು, ಮೀಟರಿನಲ್ಲಿ 42,000. “ಏಕ್‌ದಮ್ ಮಖ್ಖನ್, ಸಾಬ್” ಎಂದ ಮಾರುವವನು. ಮಿಸ್ತ್ರಿ ಮಾತಾಡಲಿಲ್ಲ. ಜ್ವರ ನೋಡುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಳಗಿನ ಎಂಟು ಗಂಟೆಗೇ ಬೆಚ್ಚಗಿತ್ತು. “ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಮಾರಾಯ್ರೆ. ತಣ್ಣಗಿರುವಾಗ ಎಂತದೋ ಸದ್ದು ಬರ್ತದೆ.” ಮತ್ತೆ ಕೂತು ಪೆಡಲು ನೋಡಿದರು. ಬ್ರೇಕಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿತ್ತು. ಸ್ಟೇರಿಂಗು ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲಿನ ರಬ್ಬರನ್ನು ಬೆಳೆಸಲಾಗದು. ಕೊನೆಗೆ ಸೀಟ್ ಬೆಲ್ಟನ್ನು ಬುಡದವರೆಗೂ ಎಳೆದರು. ಮೇಲಿನ ಮೊಳದಷ್ಟು ಕಪ್ಪಗಿತ್ತು, ಕೆಳಗೆ ಕೆಮ್ಮಣ್ಣಿನ ಗೆರೆ. ಸ್ಟೆಪ್ನಿ ಇಡುವ ಗುಳಿಯಲ್ಲಿ ತುಕ್ಕು. ಗಾಡಿ ಯಾವುದೋ ಮಳೆಗಾಲದಲ್ಲಿ ಸೀಟಿನವರೆಗೆ ಮುಳುಗಿ ಎದ್ದಿತ್ತು.

ಮುಂಬಯಿಯಲ್ಲಿ ಇದು ಅಪರೂಪವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಕಾರುಗಳು ಕೆರೆಯ ಎಮ್ಮೆಗಳಂತೆ ಮುಳುಗಿ ನಿಂತಿದ್ದವು. ಅಂಥ ಮಳೆ ಮತ್ತೆ ಬರದಿದ್ದರೂ ಹಿಂದ್‌ಮಾತಾ, ಸಾಯನ್, ಕುರ್ಲಾಗಳಲ್ಲಿ ನೀರು ನಿಲ್ಲುವುದು ತಪ್ಪಿಲ್ಲ. ನೀರು ಇಳಿದು, ಕಾರು ತೊಳೆದು ಒಣಗಿ, ಡಾಕ್ಟರರದಾಗಿ ಮಾರುಕಟ್ಟೆಗೆ ಬರುತ್ತದೆ. ಬೆಲ್ಟಿನ ಬುಡ ತೊಳೆಯಲು ಯಾರಿಗೂ ನೆನಪಾಗುವುದಿಲ್ಲ.

ವಾಪಸು ಬರುವಾಗ ಮಿಸ್ತ್ರಿ ಲೆಕ್ಕ ಬಿಡಿಸಿ ಹೇಳಿದರು. ಮೀಟರು ಎಣಿಸುವುದು ಚಕ್ರ ಉರುಳಿದ್ದನ್ನು. ಎಂಜಿನ್ ಎಷ್ಟು ಹೊತ್ತು ದುಡಿಯಿತೆಂದು ಅದಕ್ಕೆ ಗೊತ್ತಿಲ್ಲ. ಮುಲುಂಡಿನಿಂದ ಅಂಧೇರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಸಂಜೆಯ ಹೊತ್ತಿಗೆ ಒಂದೂವರೆ ಗಂಟೆ, ಅಷ್ಟೂ ಹೊತ್ತು ಕ್ಲಚ್ಚಿನ ಮೇಲೆ ಕಾಲು. ಅದೇ ಹೊತ್ತಿನಲ್ಲಿ ಹೈವೇಯ ಗಾಡಿ ಟಾಪ್ ಗೇರಿನಲ್ಲಿ ನೂರು ಕಿಲೋಮೀಟರು ದಾಟಿರುತ್ತದೆ, ಏದುಸಿರಿಲ್ಲದೆ. “ಊರಿಗೆ ಹೋಗ್ಲಿಕ್ಕೆ ಊರು ಸುತ್ತಿದ ಗಾಡಿಯೇ ಆಗ್ಬೇಕು.”

ಮಾವ ಮನೆಗೆ ಬಂದು ಇನ್ನಷ್ಟು ಪುರಾವೆ ಕಲೆಹಾಕಿದರು. ಅಮೆರಿಕದ ಇರ್ವ್ ಗಾರ್ಡನ್ ಎಂಬ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋ ಕಾರನ್ನು ಹೊತ್ತುಹೊತ್ತಿಗೆ ಎಣ್ಣೆ ಬದಲಿಸುತ್ತ 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಅಂದರೆ 48 ಲಕ್ಷ ಕಿಲೋಮೀಟರು. ಅಷ್ಟು ದೂರ ಯಾಕೆ, ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯನ್ನೇ ನೋಡಿ ಎಂದರು. ಕೊನೆಯದು ತಾಡದೇವ್ ಆರ್‌ಟಿಓದಲ್ಲಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಇಳಿಸಿದ್ದು ಇಪ್ಪತ್ತು ವರ್ಷದ ವಯೋಮಿತಿ. “ನನ್ನ ಹಾಗೆಯೇ” ಎಂದರು ಮಾವ. ಅತ್ತೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು, ಹೂಂ ಅನ್ನಲಿಲ್ಲ.

ಒಂಬತ್ತನೆಯ ಗಾಡಿ ಠಾಣೆಯಲ್ಲಿತ್ತು. ಡಾಕ್ಟರರದಲ್ಲ, ಡಾಕ್ಟರರ ಬಾಗಿಲು ಕಾಯುವ ಮೆಡಿಕಲ್ ರೆಪ್ಪಿನದು. ವಾರಕ್ಕೆರಡು ಸಲ ನಾಸಿಕ್‌ಗೆ ಹೋಗಿಬಂದದ್ದು. ಮೀಟರಿನಲ್ಲಿ 1,38,000, ಅಷ್ಟಕ್ಕೂ ಸರ್ವಿಸಿನ ಬಿಲ್ಲುಗಳ ಕಟ್ಟು. ಬಾನೆಟ್ಟು ತಣ್ಣಗಿತ್ತು. ಎಂಜಿನ್ ಒಂದೇ ಕೀಲಿಗೆ ಎದ್ದಿತು. ಸೈಲೆನ್ಸರಿನ ಹಿಂದೆ ನೀಲಿ ಹೊಗೆ ಇಲ್ಲ, ಎಣ್ಣೆ ಹಾಕುವ ಮುಚ್ಚಳದ ಒಳಗೆ ಬಿಳಿ ನೊರೆ ಇಲ್ಲ. ಮಿಸ್ತ್ರಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರು ಹಾಕಿ ಕ್ಲಚ್ಚು ಬಿಟ್ಟರು. ಒಡನೆ ಬಂದ್ ಆಗಬೇಕಿದ್ದ ಎಂಜಿನ್ ಗುರುಗುಟ್ಟುತ್ತಲೇ ಇತ್ತು: ಕ್ಲಚ್ ಪ್ಲೇಟು ಮುಗಿದಿದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿದಾಗ ಹಿಂದಿನ ಎಡಬಾಗಿಲಲ್ಲಿ ಅದು ಹಿಡಿಯಲಿಲ್ಲ: ಒಳಗೆ ಪುಟ್ಟಿ. ಎರಡು ದೋಷ ಸಿಕ್ಕಿದ್ದಕ್ಕೆ ಮಾವನಿಗಾದ ಸಂತೋಷ ಅಷ್ಟಿಷ್ಟಲ್ಲ. ದೋಷವಿಲ್ಲದ ಗಾಡಿಗೆ ಚೌಕಾಸಿ ಮಾಡುವುದಾದರೂ ಹೇಗೆ?

“ಪೌನೆ ತೀನ್ ಪೇಟಿ” ಎಂದ ಏಜೆಂಟು. ಮುಂಬಯಿಯಲ್ಲಿ ಲಕ್ಷಕ್ಕೆ ಪೇಟಿ ಎನ್ನುತ್ತಾರೆ. ಮಾವ ಕ್ಲಚ್ಚು, ಬಾಗಿಲು, ಕಿಲೋಮೀಟರು ಎಲ್ಲ ಎತ್ತಿಹೇಳಿ, “ದೋ” ಎಂದರು. ಏಜೆಂಟು ನೊಂದವನಂತೆ ಆಕಾಶ ನೋಡಿ, ಕಟಿಂಗ್ ಚಹಾ ತರಿಸಿದ. ಢಾಯಿಗೆ ಇಳಿದ. ಮಾವ ಎರಡರಿಂದ ಕದಲಲಿಲ್ಲ. ಚಹಾ ಮುಗಿಯಿತು, ಮೌನ ಕವಿಯಿತು.

ಆಗ ಮಾವ ಮಿಸ್ತ್ರಿಯ ಕಡೆ ಬಾಗಿ ಗುಟ್ಟಾಗಿ, ಶುದ್ಧ ಕನ್ನಡದಲ್ಲೇ ಹೇಳಿದರು: “ಗಾಡಿ ಒಳ್ಳೇದಿದೆ, ಬಿಡುದು ಬೇಡ. ಕೊನೆಗೆ ಸವಾ ದೋ ತನಕ ಹೋಗುವ.”

ಏಜೆಂಟನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. “ಚಲೋ ಸಾಬ್, ಸವಾ ದೋ!” ಎಂದು ಕೈ ಚಾಚಿದ.

ಉಳಿದದ್ದು ಬೇಗ ಮುಗಿಯಿತು. ಪರಿವಾಹನ್ ತಾಣದಲ್ಲಿ ಸಾಲದ ನಮೂದು ಇರಲಿಲ್ಲ. ಬಾಕಿ ಇದ್ದ ಎರಡು ಇ-ಚಲನ್‌ಗಳನ್ನು ಮಾರುವವರೇ ಕಟ್ಟಿದರು. ಫಾರಂ 29, ಫಾರಂ 30ಕ್ಕೆ ಸಹಿ ಬಿದ್ದವು. ಮೀಟರು ನೋಡಿದ ಅತ್ತೆ ಒಂದು ಗಳಿಗೆ ಸುಮ್ಮನಿದ್ದು, “ಅಂತೂ ಡಾಕ್ಟರರದ್ದಲ್ಲವಲ್ಲ, ಸಾಕು” ಎಂದು ಸ್ಟೇರಿಂಗಿಗೆ ಕುಂಕುಮ ಇಟ್ಟರು.

ಹಳೆಯ ಗಾಡಿ ನೋಡಲು ಹೊರಟ ಮುಂಬಯಿ ಕನ್ನಡಿಗರಲ್ಲಿ ಒಂದೇ ಕೋರಿಕೆ: ಟಾರ್ಚು, ಅಯಸ್ಕಾಂತ, ಮಿಸ್ತ್ರಿ ಎಲ್ಲವನ್ನೂ ಒಯ್ಯಿರಿ, ಬೆಳಿಗ್ಗೆ ಬೇಗ ಹೋಗಿರಿ, ಗುಟ್ಟು ಮಾತಾಡುವಾಗ ಮಾತ್ರ ಅಂಕಿಯನ್ನೂ ಕನ್ನಡದಲ್ಲೇ ಹೇಳಿರಿ. ಎರಡೂ ಕಾಲು ಲಕ್ಷ.