ಪಂಕ್ ರಾಯರು

ದುಬೈಯಲ್ಲಿ ನೆಲದಡಿ ಇರುವುದು ಎರಡೇ ಎಂದು ನಾನು ತಿಳಿದಿದ್ದೆ: ಕಾರ್ ಪಾರ್ಕಿಂಗು, ಯೂನಿಯನ್ ಮೆಟ್ರೋ ಸ್ಟೇಷನ್ನು. ಮೂರನೆಯದೂ ಒಂದಿದೆ ಎಂದು ಗೊತ್ತಾದದ್ದು ಪಂಕ್ ರಾಯರ ಪರಿಚಯವಾದ ಮೇಲೆ. ಅದು ಅಂಡರ್‌ಗ್ರೌಂಡ್ ಸಂಗೀತ. ಅದರ ವಾಸ ರಾಯರ ಫೋನಿನಲ್ಲಿ. ನಡುರಾತ್ರಿ ಅಲ್ಲಿಂದೆದ್ದು ನನ್ನ ವಾಟ್ಸಾಪಿಗೆ ಬಂದು ಬೀಳುತ್ತದೆ. ಜೊತೆಗೊಂದು ಅಪ್ಪಣೆ: "ಕೇಳು ಮಾರಾಯ, ಆಮೇಲೆ ಮಾತಾಡುವ."

ರಾಯರ ಊರು ಉಡುಪಿ, ಮನೆ ಕರಾಮಾ, ಕೆಲಸ ಅಕೌಂಟ್ಸ್. ಇಸ್ತ್ರಿ ಮಾಡಿದ ಬಿಳಿ ಅಂಗಿಯೊಳಗೆ ಕಪ್ಪು ರಾಮೋನ್ಸ್ ಟೀ ಶರ್ಟು. ಹೊರಗಿನದು ಕಂಪನಿಗೆ, ಒಳಗಿನದು ಕ್ರಾಂತಿಗೆ. ಕ್ರಾಂತಿ ಹೊರಗೆ ಕಾಣಬಾರದೆಂದು ಅಂಗಿಗೆ ದಪ್ಪ ಬಟ್ಟೆಯನ್ನೇ ಆರಿಸುತ್ತಾರೆ. ಕೊಲ್ಲಿಯ ಪ್ರತಿ ಕನ್ನಡ ಗುಂಪಿನಲ್ಲೂ ಇಂಥವರೊಬ್ಬರು ಸಿಗುತ್ತಾರೆ. ಒಬ್ಬರಿಗೆ ಇರಾನಿ ಸಿನಿಮಾ, ಇನ್ನೊಬ್ಬರಿಗೆ ಜಪಾನಿ ಕಾಮಿಕ್ಸು, ನಮ್ಮವರಿಗೆ ಪಂಕು. ಲಕ್ಷಣ ಮಾತ್ರ ಒಂದೇ: ತಾವು ಕೇಳಿದ್ದನ್ನು ಊರಿಗೆಲ್ಲ ಶಿಫಾರಸು ಮಾಡಬೇಕು, ಊರಿಗೆ ಅದು ಹಿಡಿಸಬಾರದು.

ನನಗಾದ ಮೊದಲ ಶಿಫಾರಸು ರಾಮೋನ್ಸ್. ನ್ಯೂಯಾರ್ಕಿನ ನಾಲ್ವರು, ಅಣ್ಣತಮ್ಮಂದಿರಲ್ಲದಿದ್ದರೂ ನಾಲ್ವರಿಗೂ ರಾಮೋನ್ ಎಂಬ ಒಂದೇ ಅಡ್ಡಹೆಸರು. 1976ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. "ಸಂಜೆ ಶಾರ್ಜಾ ಟ್ರಾಫಿಕ್ಕಿನಲ್ಲಿ ಹಾಕು, ಅಲ್ ನಹ್ದಾ ದಾಟುವುದರೊಳಗೆ ಎರಡು ಸಲ ಮುಗಿಯುತ್ತದೆ" ಎಂದರು. ಹಾಕಿದೆ. ಮೂರು ಸಲ ಮುಗಿಯಿತು. ಚೆನ್ನಾಗಿದೆ ಎಂದು ಫೋನ್ ಮಾಡಿದರೆ ಆ ಕಡೆ ಮಾತೇ ಇಲ್ಲ. ಕೊನೆಗೆ, "ಅದು ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ" ಎಂದು ಫೋನಿಟ್ಟರು.

ಹಟಕ್ಕೆ ಬಿದ್ದು ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್' ಕೇಳಿದೆ. "1979ರದ್ದಾ? ಅಷ್ಟರಲ್ಲಿ ಪಂಕ್ ಸತ್ತು ಮೂರು ವರ್ಷವಾಗುತ್ತ ಬಂದಿತ್ತು" ಎಂದರು. 1977ರ ಜನವರಿಯಲ್ಲಿ ಕ್ಲ್ಯಾಶ್ ಹುಡುಗರು ಸಿಬಿಎಸ್ ಎಂಬ ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಿದ ದಿನವೇ ಪಂಕ್ ಸತ್ತಿತಂತೆ. ಇದು ಮಾರ್ಕ್ ಪೆರ್ರಿಯ ತೀರ್ಪು, ರಾಯರಿಗೆ ವೇದವಾಕ್ಯ. ರಾಯರೂ ಒಂದು ಕಂಪನಿಯ ಕರಾರಿಗೆ ಸಹಿ ಹಾಕಿದ್ದಾರೆ, ಮಗಳು ಕಾಲೇಜಿಗೆ ಬಂದಿದ್ದಾಳೆ, ಯಾರೂ ಸತ್ತಿಲ್ಲ.

ಈ ಪೆರ್ರಿ ಲಂಡನ್ನಿನ ಬ್ಯಾಂಕ್ ಗುಮಾಸ್ತ. ರಾಮೋನ್ಸ್ ಕೇಳಿ ತಲೆತಿರುಗಿ, 1976ರಲ್ಲಿ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆಯನ್ನು ಮನೆಯಲ್ಲೇ ಟೈಪ್ ಮಾಡಿ ಹೊರತಂದ, ಕೆಲಸ ಬಿಟ್ಟ. ಲೆಕ್ಕ ಬರೆಯುವವನೂ ಪಂಕ್ ಆಗಬಹುದೆಂಬುದಕ್ಕೆ ರಾಯರು ಕೊಡುವ ದೃಷ್ಟಾಂತ ಇದೇ. ಕೆಲಸ ಬಿಟ್ಟ ಭಾಗವನ್ನು ಮಾತ್ರ ಬೇಗ ದಾಟಿಸುತ್ತಾರೆ. "ಗಿಟಾರಿನ ಮೂರು ಕಾರ್ಡ್ ಬರೆದು ತೋರಿಸಿ, ಇಷ್ಟು ಸಾಕು, ಬ್ಯಾಂಡ್ ಕಟ್ಟಿ ಅಂದದ್ದು ಅದೇ ಪತ್ರಿಕೆಯಲ್ಲವೇ?" ಎಂದೆ. "ಅಲ್ಲ! ಅದು ಸೈಡ್‌ಬರ್ನ್ಸ್! ಎಲ್ಲರೂ ತಪ್ಪು ಹೇಳುವುದು ಇಲ್ಲೇ!" ಆಗ ಆ ಮುಖದಲ್ಲಿ ಕಂಡ ಆನಂದ ರಾಮೋನ್ಸ್ ಕೇಳುವಾಗಲೂ ಕಂಡಿದ್ದಿಲ್ಲ.

2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ದುಬೈಯ ಡೆಸರ್ಟ್ ರಾಕ್ ಉತ್ಸವದಲ್ಲಿ ನುಡಿಸಿ, ಅದೇ ತಿಂಗಳು ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಯಿತು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅಬುಧಾಬಿಯ ಯಾಸ್ ದ್ವೀಪದಲ್ಲಿ ನುಡಿಸಿ, ಐದು ದಿನಕ್ಕೆ ಅದೇ ಮೈದಾನ ತಲುಪಿತು. ರಾಯರು ಯಾವುದಕ್ಕೂ ಹೋಗಲಿಲ್ಲ. ಅದು ಮೆಟಲ್, ಪಂಕ್ ಅಲ್ಲ. ಪಂಕ್‌ಗೂ ಮೆಟಲ್‌ಗೂ ಭೇದ, ಪಂಕ್‌ಗೂ ಹಾರ್ಡ್‌ಕೋರ್‌ಗೂ ಭೇದ, ಹಾರ್ಡ್‌ಕೋರ್‌ಗೂ ಪೋಸ್ಟ್ ಪಂಕ್‌ಗೂ ಭೇದ. ಮಧ್ವಾಚಾರ್ಯರು ಐದು ಭೇದ ಹೇಳಿ ನಿಲ್ಲಿಸಿದ್ದರು. ಅವರ ಊರಿನ ರಾಯರು ಹನ್ನೊಂದಕ್ಕೆ ಮುಟ್ಟಿದ್ದಾರೆ.

ವಾರದ ರಜೆಯಲ್ಲಿ ಅಲ್ ಖೂಜ್‌ನ ಅಲ್ಸರ್ಕಲ್ ಅವೆನ್ಯೂಗೆ ಯಾತ್ರೆ. ಗೋದಾಮುಗಳೆಲ್ಲ ಗ್ಯಾಲರಿಗಳಾದ ಜಾಗ. ಸಿನೆಮಾ ಅಕೀಲ್ ಎಂಬ ಪುಟ್ಟ ಥಿಯೇಟರು ಅಲ್ಲೇ, ವಿನೈಲ್ ತಟ್ಟೆ ಮಾರುವ ಫ್ಲಿಪ್ ಸೈಡ್ ಅಂಗಡಿಯೂ ಅಲ್ಲೇ. ರಾಯರು ತಟ್ಟೆಗಳನ್ನು ಒಂದೊಂದಾಗಿ ಸರಿಸಿ, ಬೆಲೆ ನೋಡಿ, ದಿರ್ಹಮನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಇದ್ದಲ್ಲೇ ಇಡುತ್ತಾರೆ. "ಪಂಕನ್ನು ದುಡ್ಡು ಕೊಟ್ಟು ಕೊಳ್ಳಬಾರದು ಮಾರಾಯ." ಬರುವಾಗ ಮಾಲಿನಲ್ಲಿ ರಾಮೋನ್ಸ್ ಟೀ ಶರ್ಟಿನ ಹತ್ತು ವರ್ಷದ ಹುಡುಗನೊಬ್ಬ ಸಿಕ್ಕಿದ. "ಇವರ ಮೂರು ಹಾಡಿನ ಹೆಸರು ಹೇಳು ನೋಡುವ" ಎಂದು ರಾಯರು ಅಡ್ಡಗಟ್ಟಿದರು. ಹುಡುಗನ ತಾಯಿ ಸೆಕ್ಯುರಿಟಿಯವನತ್ತ ನೋಡಿದಳು. ರಾಯರು ಪರೀಕ್ಷೆ ಮುಂದೂಡಿದರು.

ನಿನ್ನ ಕೆಲಸ ನೀನೇ ಮಾಡಿಕೋ ಎಂಬುದು ಪಂಕ್‌ನ ಮೂಲಮಂತ್ರ. ರಾಯರು ಗಿಟಾರ್ ತಂದರು. ತೂಗುಹಾಕಲು ಗೋಡೆಗೆ ಮೊಳೆ ಬೇಕಾಯಿತು. ಬಾಡಿಗೆ ಕರಾರು ಓದಿದರು, ವಾಚ್‌ಮನ್ನನ್ನು ಕೇಳಿದರು, ಮಾಲೀಕರಿಂದ ಎನ್ಒಸಿ ತರಿಸಿದರು. ಮೇಂಟೆನೆನ್ಸಿನವನು ಬಂದು ಹೊಡೆದುಕೊಟ್ಟ. ವ್ಯವಸ್ಥೆಯನ್ನೇ ಒಡೆಯಿರೆಂದು ಕಿರುಚುವ ಹಾಡನ್ನು ಅವರು ಶೇಖ್ ಝಾಯೆದ್ ರಸ್ತೆಯಲ್ಲಿ ಗಾಜು ಏರಿಸಿ, ವೇಗದ ಮಿತಿಗಿಂತ ಕೆಳಗೇ ಇದ್ದು ಕೇಳುತ್ತಾರೆ. ಸಾಲಿಕ್ ಟೋಲ್ ಗೇಟು ಬಂದಾಗ ಬ್ಯಾಲೆನ್ಸ್ ಇದೆಯೇ ಎಂದು ಚಿಂತಿಸಲು ವಾಲ್ಯೂಮ್ ತಗ್ಗಿಸುತ್ತಾರೆ. ನಕ್ಕುಬಿಡುವುದು ಸುಲಭ. ವೀಸಾ ಮುದ್ರೆಯ ಮೇಲೆ ಸಂಸಾರ ನಿಂತಿರುವಾಗ ಮನುಷ್ಯ ಬಂಡೇಳಲು ಕಿವಿಯೊಳಗಲ್ಲದೆ ಇನ್ನೆಲ್ಲಿ ಜಾಗ ಹುಡುಕಬೇಕು?

ಅವರ ಮನೆಯವರು ಕನ್ನಡ ಎಂ.ಎ. ಒಮ್ಮೆ ಚಹಾ ಕೊಡುತ್ತ ಹೇಳಿದರು: "ನಿಮ್ಮ ರಾಮೋನ್ಸಿನ ಮೊದಲ ಆಲ್ಬಮ್ಮಿಗಿಂತ ಒಂದು ವರ್ಷ ಮೊದಲೇ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತ್ತಲ್ಲ. ಅದಕ್ಕಿಂತ ಸಿಟ್ಟು ನಿಮ್ಮ ಯಾವ ಹಾಡಿನಲ್ಲಿದೆ?"

ರಾಯರು ಬಹಳ ಹೊತ್ತು ಯೋಚಿಸಿದರು. "ಇದೆ, ಸಿಟ್ಟಿದೆ. ಆದರೆ ಅದು ನಿನ್ನ ಸಿಲಬಸ್ಸಿನಲ್ಲೇ ಇತ್ತಲ್ಲ! ಶಿಫಾರಸು ಮಾಡುವುದಕ್ಕೆ ಏನುಳಿಯಿತು?"

"ಹಾಗಾದರೆ ಬ್ಯಾಂಡ್ ಕಟ್ಟುವುದು ಯಾವಾಗ?" ಎಂದೆ. ರಾಯರು ಕ್ಯಾಲ್ಕುಲೇಟರ್ ತೆಗೆದರು. ಕೆಲಸ ಬಿಡುವಾಗ ಸಿಗುವುದು: ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ, ಅಲ್ಲಿಂದ ಮುಂದೆ ವರ್ಷಕ್ಕೆ 30 ದಿನದ್ದು. ಕೂಡಿಸಿದರು, ಇನ್ನೊಮ್ಮೆ ಕೂಡಿಸಿದರು.

"ಎರಡು ಕಾರ್ಡ್ ಈಗಲೇ ಬರುತ್ತದೆ ಮಾರಾಯ. ಮೂರನೆಯದು ಗ್ರಾಚ್ಯುಟಿ ಕೈಗೆ ಬಂದ ಮೇಲೆ."