ಇಂಗ್ಲೆಂಡಿನ ಎದುರು ಬೆಂಗಳೂರಿಗೆ ಸೋಲು

ಕ್ರಿಕೆಟ್ಟಿನಲ್ಲಲ್ಲ, ಬಿಸಿಲಿನಲ್ಲಿ. 2022ರ ಜುಲೈ 19ರಂದು ಲಿಂಕನ್‌ಶೈರ್ ಸೀಮೆಯ ಕೋನಿಂಗ್ಸ್‌ಬಿ ಎಂಬ ಊರು 40.3 ಡಿಗ್ರಿ ಸೆಲ್ಸಿಯಸ್ ಬಾರಿಸಿತು. ಬೆಂಗಳೂರಿನ ಸಾರ್ವಕಾಲಿಕ ದಾಖಲೆ 39.2, ಅದೂ 2016ರ ಏಪ್ರಿಲ್ 24ರಂದು ಏದುಸಿರು ಬಿಟ್ಟು ಮುಟ್ಟಿದ್ದು. ಶ್ರೀರಂಗಪಟ್ಟಣದ ಹವೆ ಒಗ್ಗದೆ 1809ರಲ್ಲಿ ಇಲ್ಲಿಗೆ ಬಂದು ದಂಡು ಕಟ್ಟಿಕೊಂಡವರ ವಂಶಸ್ಥರು, ಮನೆಯಲ್ಲೇ ಕೂತು ನಮ್ಮನ್ನು 1.1 ಡಿಗ್ರಿಯಿಂದ ಮಣಿಸಿದರು. ಜರ್ಮನಿ 41.2, ಪ್ಯಾರಿಸ್ 42.6. ಫ್ರಾನ್ಸಿನ ತೆಂಕಣ ಹಳ್ಳಿಯೊಂದು 2019ರಲ್ಲಿ 46 ಮುಟ್ಟಿ ರಾಯಚೂರಿನವರೂ ಹುಬ್ಬೇರಿಸುವಂತೆ ಮಾಡಿತು.

ಗಾಂಧಿ ಬಜಾರಿನ ಬೈ-ಟು ಕಾಫಿ ಮಂಡಳಿ ಸೋಲೊಪ್ಪಲು ತಯಾರಿಲ್ಲ. ಲೂಟನ್ ವಿಮಾನ ನಿಲ್ದಾಣದ ರನ್‌ವೇ ಬಿಸಿಲಿಗೆ ಉಬ್ಬಿದ್ದು, ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯ ಸರಪಳಿಗೆ ಬೆಳ್ಳಿಬಣ್ಣದ ಹಾಳೆ ಸುತ್ತಿದ್ದು, ಎಲ್ಲವೂ ಅವರಿಗೆ ಹಾಸ್ಯೋತ್ಸವ. "ಮೂರು ದಿನ ಬಿಡದೆ 28 ಡಿಗ್ರಿ ಬಂದ್ರೆ ಲಂಡನ್ನಲ್ಲಿ ಹೀಟ್‌ವೇವ್ ಅಂತಾರಂತೆ ಕಣ್ರೀ! 28ಕ್ಕೆ ನಮ್ಮನೇಲಿ ಫ್ಯಾನ್ ಆರಿಸ್ತೀವಿ."

ನಿಜ, ನಮ್ಮದು ಗಟ್ಟಿ ಲೆಕ್ಕ. ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯಲ್ಲಿ ಉಷ್ಣ ಅಲೆ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ 40 ಡಿಗ್ರಿ ಆಗಬೇಕು. ನಾವಿನ್ನೂ 39.2ಕ್ಕೇ ನಿಂತಿದ್ದೇವೆ. 0.8 ಗ್ರೇಸ್ ಮಾರ್ಕ್ಸ್ ಕೊಡುವ ಪುಣ್ಯಾತ್ಮರು ಸಿಗುವ ತನಕ ಬೆಂಗಳೂರಿಗರು ಬೆವರಬಹುದು, ಬಸವಳಿಯಬಹುದು, ತಲೆ ತಿರುಗಿ ಬೀಳಬಹುದು, ಪಾಸಾಗುವಂತಿಲ್ಲ.

ಬಿಸಿಲೇರಿದ ಕೂಡಲೇ ಸಲಹೆಯಂತೂ ತಪ್ಪದೆ ಬರುತ್ತದೆ: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ಹೆಚ್ಚು ನೀರು ಕುಡಿಯಿರಿ. ಇದನ್ನು ಮಾಮೂಲ್‌ಪೇಟೆಯಲ್ಲಿ ಓದಿ ಹೇಳಬೇಕು. ವ್ಯಾಪಾರ ಕಾವೇರುವ ಹೊತ್ತೇ ಅದು. ಎರಡು ಆಟೋ ಎದುರುಬದುರಾದರೆ ಇಡೀ ಬೀದಿಯೇ ನಿಲ್ಲುವ ಕಡೆ, ತಲೆ ಮೇಲೆ ಒದ್ದೆ ಟವೆಲ್ಲು, ಟವೆಲ್ಲಿನ ಮೇಲೆ ಮೂಟೆ ಹೊತ್ತ ಹಮಾಲಿ "ಸೈಡು, ಸೈಡು" ಎನ್ನುತ್ತ ನುಗ್ಗುತ್ತಾನೆ. ಅವನನ್ನು ತಡೆದು ಸಲಹೆ ಒಪ್ಪಿಸಿದರೆ ಉತ್ತರ ಇಷ್ಟೇ: "ನೀರೇನೋ ಕುಡೀತೀನಿ ಸ್ವಾಮಿ. ಕುಡಿದ ಮೇಲೆ ಎಲ್ಲಿಗೆ ಹೋಗ್ಲಿ?" ಸಲಹೆ ಬರೆದವರ ಕಚೇರಿಯಲ್ಲಿ ಶೌಚಾಲಯವಿದೆ, ಈ ಪ್ರಶ್ನೆ ಅವರಿಗೆ ಹೊಳೆಯುವಂಥದ್ದಲ್ಲ.

2024ರಲ್ಲಿ ಈ ಪ್ರಶ್ನೆಯೂ ಸರಳವಾಯಿತು: ಕುಡಿಯುವ ನೀರಿಗೇ ಬರ ಬಂತು. ಮಾರ್ಚಿನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಏಪ್ರಿಲ್ಲಿನಲ್ಲಿ ಮಳೆ ಕೈಕೊಟ್ಟಿತು, 28ರಂದು 38.5 ಡಿಗ್ರಿ. ಹೆಚ್ಚು ನೀರು ಕುಡಿಯಿರಿ ಎಂಬುದೂ ಕೊಳವೆಬಾವಿ ಬತ್ತಿವೆ ಎಂಬುದೂ ಒಂದೇ ಬೇಸಿಗೆಯ ಪ್ರಕಟಣೆಗಳು. ಜೂನ್ 2ಕ್ಕೆ ಮಳೆರಾಯ ಬಡ್ಡಿ ಸಮೇತ ತೀರಿಸಿದ: ಒಂದೇ ದಿನ 111.1 ಮಿಲಿಮೀಟರ್. ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆ ಮುರಿಯಿತು. ಅಷ್ಟು ನೀರನ್ನು ಹಿಡಿದಿಡಲು ಊರೊಳಗೆ ಜಾಗವೆಲ್ಲಿ? ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್‌ನ ಬಸ್ಸುಗಳು ನಿಂತಿವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕೂತಿದೆ. ಉಳಿದ ನೆಲಕ್ಕೆ ವೈಟ್ ಟಾಪಿಂಗ್ ಎಂಬ ಕಾಂಕ್ರೀಟು.

ಇನ್ನು ನಾವು ನಗುವ ಯುರೋಪಿನವರು. 2003ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಬಿಸಿಲಿಗೆ ಸುಮಾರು 15,000 ಮಂದಿ ಸತ್ತರು, ಬಹುಪಾಲು ವೃದ್ಧರು. ಆ ಸರ್ಕಾರಕ್ಕೂ ಹೆಣ ಎಣಿಸಿದ ಮೇಲೆಯೇ ಬುದ್ಧಿ ಬಂದದ್ದು. ಆದರೆ ಬಂತು. ಮರುವರ್ಷವೇ ಬಿಸಿಲ ಯೋಜನೆ ತಂದರು. ಒಂಟಿಯಾಗಿರುವ ಹಿರಿಯರು ಪುರಸಭೆಯಲ್ಲಿ ಹೆಸರು ಬರೆಸಿದರೆ, ಬಿಸಿಲೇರಿದಾಗ ಅಲ್ಲಿಂದಲೇ ಫೋನ್ ಮಾಡಿ ವಿಚಾರಿಸುತ್ತಾರೆ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಮಲ್ಲೇಶ್ವರದ ಹಳೇ ಮನೆಯಲ್ಲಿ ಒಬ್ಬರೇ ಇರುವ ನಮ್ಮ ಅಜ್ಜಿಗೆ ಮಧ್ಯಾಹ್ನ ಎರಡಕ್ಕೆ ಫೋನ್ ಮಾಡುವವರು ಕ್ರೆಡಿಟ್ ಕಾರ್ಡಿನವರು ಮಾತ್ರ.

ಆದ್ದರಿಂದ ದಾಖಲೆಯ ಕಪ್ಪು ಇಂಗ್ಲೆಂಡಿನವರೇ ಇಟ್ಟುಕೊಳ್ಳಲಿ. ನಮ್ಮ ಪೇಟೆಗೆ ಬೇಕಾದದ್ದು ಒಂದಿಷ್ಟು ನೆರಳು, ಕುಡಿಯುವ ನೀರಿನ ನಲ್ಲಿ, ಬೀಗ ಹಾಕದ ಶೌಚಾಲಯ. ಇವನ್ನು ಕೊಡಲು 40 ಡಿಗ್ರಿ ಆಗುವ ತನಕ ಕಾಯಬೇಕು ಎಂದು ಯಾವ ನಿಯಮದಲ್ಲೂ ಬರೆದಿಲ್ಲ.