ಪಾದಾರವಿಂದಕ್ಕೆ ಕಾಟು

ಸಿಂಧನೂರಿನ ನಮ್ಮ ಮನೆಗೂ ಆಚೆಮನೆ ಅಕ್ಕಾರ ಮನೆಗೂ ನಡುವೆ ಎದೆಮಟ್ಟದ ಗೋಡೆಯೊಂದಿದೆ. ಅದು ಗಡಿ ಅನ್ನಿಸಿಕೊಂಡದ್ದಕ್ಕಿಂತ ಚಹಾದ ಕಪ್ಪು ಇಡುವ ಕಟ್ಟೆಯಾಗಿದ್ದೇ ಹೆಚ್ಚು. ಮೊನ್ನೆ ಕಪ್ಪಿನ ಬದಲು ಒಂದು ಹಾಳೆ ಬಂತು. ಒಂದು ಮಗ್ಗುಲಿಗೆ ಭತ್ತದ ತೂಕದ ಲೆಕ್ಕ, ಇನ್ನೊಂದು ಮಗ್ಗುಲಿಗೆ ಅರ್ಜಿ.

"ಮಾಸ್ತರ, ಸಾಹೇಬ್ರಿಗೆ ಬರದೀನಿ. ತಪ್ಪಿದ್ರ ತಿದ್ರಿ."

"ಯಾವ ಸಾಹೇಬ್ರಿಗೆ?"

"ಆರಿಸಿ ಬಂದೋರಿಗೆ!"

"ಎಲ್ಲಿಗೆ ಆರಿಸಿ ಬಂದೋರು?"

ಅಕ್ಕಾರು ತಬ್ಬಿಬ್ಬಾದರು. ಅವರದೇನೂ ತಪ್ಪಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಯಚೂರು ಜಿಲ್ಲೆಯವೇ. ಆದರೆ ಲೋಕಸಭೆಯ ಓಟು ಬಂದರೆ ಸಿಂಧನೂರು, ಮಸ್ಕಿಯವರು ಕೊಪ್ಪಳದ ಪಾಲು, ಲಿಂಗಸುಗೂರಿನವರು ರಾಯಚೂರಿನ ಪಾಲು. ನಮ್ಮ ಜಿಲ್ಲಾಧಿಕಾರಿ ಒಂದು ಊರಲ್ಲಿ, ಸಂಸದರು ಇನ್ನೊಂದು ಊರಿನ ಹೆಸರಲ್ಲಿ. ಆಸ್ಪತ್ರೆ, ಪೊಲೀಸು ಎರಡೂ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಅದಕ್ಕೆ ಶಾಸಕರನ್ನು ಹಿಡಿಯಬೇಕು. ಏಮ್ಸ್ ಬೇಕೆಂದರೆ ದೆಹಲಿಯ ಮಾತು, ಸಂಸದರನ್ನು ಹಿಡಿಯಬೇಕು.

"ಏಮ್ಸ್ ಬ್ಯಾಡ್ರಿ, ನಮಗ ರಾತ್ರಿ ಒಬ್ಬ ಡಾಕ್ಟರ್ ಸಾಕು" ಅಂದರು ಅಕ್ಕಾರು. ಅವರ ಮಗಳನ್ನು ಕೊಟ್ಟದ್ದು ಮಸ್ಕಿ ಕಡೆಯ ಹಳ್ಳಿಗೆ. ಹೆರಿಗೆ ನೋವು ಎದ್ದ ರಾತ್ರಿ ಒಂದು ಕಡೆ "ಮುಂದ ಹೋಗ್ರಿ" ಅಂದರಂತೆ, ಅಲ್ಲಿ ಹೋದರೆ ಅವರೂ "ಮುಂದ ಹೋಗ್ರಿ". ತಾಯಿ ಮಗು ಆರಾಮ ಇದ್ದಾರೆ. ಆದರೆ ಆ "ಮುಂದ" ಅಕ್ಕಾರ ಎದೆಯಲ್ಲಿ ಮುಳ್ಳಾಗಿ ಕುಂತಿದೆ.

ಅರ್ಜಿ ಓದಿದೆ. ಮೊದಲ ಸಾಲೇ, 'ತಮ್ಮ ಪಾದಾರವಿಂದಗಳಿಗೆ ನಮಸ್ಕರಿಸಿ ಬೇಡಿಕೊಳ್ಳುವುದೇನೆಂದರೆ'. ಕೆಂಪು ಪೆನ್ನಿನ ಚಟ ಇನ್ನೂ ಬಿಟ್ಟಿಲ್ಲ. ಕಾಟು ಹೊಡೆದೆ.

"ಅಯ್ಯ, ಅದನ್ಯಾಕ ಹೊಡದ್ರಿ? ಬಾಗಿದ್ರ ನನ್ನ ಬೆನ್ನೇನು ಮುರೀತೈತೇನು? ಕೆಲಸ ಆಗ್ಬೇಕಲ್ರೀ."

ನಾನು ಪಾಠಕ್ಕಿಳಿದೆ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೂಲಿಯವನೊಬ್ಬನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹೀಗೇ ಮುಂದೆ ದಾಟಿಸಿದವು. ತುರ್ತಿನಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. "ಹಕ್ಕು ಕೇಳೋ ಹಾಳ್ಯಾಗ ಪಾದ ಯಾಕ ಅಕ್ಕಾರ?"

ಎರಡನೇ ಪ್ಯಾರಾ ಇನ್ನೂ ಮಜಾ ಇತ್ತು: 'ಡಾಕ್ಟರ್ ಕೊಡದಿದ್ದರೆ ಧರಣಿ ಕೂಡಲು ದಯಮಾಡಿ ಅಪ್ಪಣೆ ಕೊಡಬೇಕು.' ಅಕ್ಕಾರ ಸಂಘದ ಹೆಣ್ಮಕ್ಕಳಿಗೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆಂಬ ಅಂಜಿಕೆ. ಆಯುಧವಿಲ್ಲದೆ ಶಾಂತಿಯಿಂದ ಸೇರುವುದು 19ನೇ ವಿಧಿ ಕೊಟ್ಟ ಹಕ್ಕು. ಜಾಗದ ಪರವಾನಗಿ ಠಾಣೆಯಲ್ಲಿ ಕೇಳಿದರಾಯಿತು ಎಂದೆ. ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರ ಮೇ 13ಕ್ಕೆ ಕುಂತವರು 2025ರ ಫೆಬ್ರವರಿಗೆ ಸಾವಿರ ದಿನ ತುಂಬಿಸಿದರಲ್ಲ.

"ಸಾವಿರ ದಿನಕ್ಕ ಬಂತೇನ್ರಿ ಏಮ್ಸು?"

"ಇಲ್ಲ."

"ಮುಖ್ಯಮಂತ್ರಿನೂ ಬರದಿದ್ರಲ್ಲ ದಿಲ್ಲಿಗೆ?"

"ಬರದಿದ್ರು."

ಅಕ್ಕಾರು ನನ್ನ ಕೆಂಪು ಗೆರೆ ನೋಡಿದರು, ನನ್ನನ್ನು ನೋಡಿದರು. ಅವರು ಬಾಯಿಬಿಟ್ಟು ಹೇಳದ ಮಾತು ನನಗೆ ಕೇಳಿಸಿತು: ಹಂಗಾರ ಪಾದಾನ ವಾಸಿ.

ಮರ್ಯಾದೆ ಉಳಿಸಿಕೊಳ್ಳಲು ಅಶೋಕನನ್ನು ಕರೆತಂದೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯ ಮೇಲೆ ಅವನ ಹೆಸರೇ ಇದೆ. ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಯಾರೆಂಬ ಒಗಟು ಬಿಡಿಸಿದ ಬರಹ. ಸಣ್ಣವರಿಗೂ ದೊಡ್ಡವರಿಗೂ ಈ ಮಾತು ತಿಳಿಸಿರಿ ಎಂದು ಕೆತ್ತಿಸಿದ್ದಾನೆ. ಗುಜರಾತಿನ ಗಿರ್ನಾರದ ಬಂಡೆಯಲ್ಲಿ ಇನ್ನೂ ಮುಂದೆ ಹೋಗಿದ್ದಾನೆ: ನಾನು ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಜನರ ಸುದ್ದಿ ನನಗೆ ಮುಟ್ಟಿಸಿ. ಮನುಷ್ಯರಿಗೂ ದನಕರುಗಳಿಗೂ ಔಷಧೋಪಚಾರದ ಏರ್ಪಾಡಾಗಿದೆ ಎಂದೂ ಬರೆಸಿದ್ದಾನೆ.

"ಉಣ್ಣೋವಾಗ್ಲೂ?" ಅಕ್ಕಾರಿಗೆ ಅದೊಂದೇ ಹಿಡಿಸಿತು.

ಹೊಸ ಹಾಳೆಯಲ್ಲಿ ನಾನೇ ಬರೆದುಕೊಟ್ಟೆ: ತಾರೀಖು, ಹೋದ ಕಡೆ, ಹೊತ್ತು, ಒಂದೇ ಬೇಡಿಕೆ. "ಶಾಸಕರ ಹಂತ್ಯಾಕ ಇದು ಕೊಡ್ರಿ, ನಿಮ್ಮ ಹಳೇ ಹಾಳಿ ಮ್ಯಾಲ ಸೀಲು ಹಾಕಿಸ್ಕೊಂಡು ಬರ್ರಿ. ಸೀಲಿಲ್ಲದ ಅರ್ಜಿ ಕೊಟ್ಟಂಗಲ್ಲ."

ಮಧ್ಯಾಹ್ನ ಬಂದರು. ಬಾಗಿಲಲ್ಲಿದ್ದ ಹುಡುಗ "ಸಾಹೇಬ್ರು ಊಟಕ್ಕ ಕುಂತಾರ" ಅಂದನಂತೆ. ಅಕ್ಕಾರು, "ನಮ್ಮ ಮಸ್ಕಿ ಅಶೋಕಪ್ಪ ಊಟದಾಗಿದ್ರೂ ಕೇಳ್ತಿದ್ದ, ಹೋಗಿ ಹೇಳು" ಅಂದರಂತೆ. ಅದ್ಯಾವ ಪಾರ್ಟಿಯ ಲೀಡರೋ ಎಂದು ಅಂಜಿ ಹುಡುಗ ತಟ್ಟನೆ ಸೀಲು ಒತ್ತಿ ಕಳಿಸಿದ್ದಾನೆ.

ಹಾಳೆ ಗೋಡೆಯ ಮೇಲೆ ಬಂತು. ಸೀಲು ದುಂಡಗೆ, ನೀಲಿಯಾಗಿ, ತಾರೀಖಿನ ಸಮೇತ ಚೆಂದಾಗಿ ಬಿದ್ದಿತ್ತು, ಭತ್ತದ ಲೆಕ್ಕದ ಮಗ್ಗುಲಿಗೆ.

"ಇರ್ಲಿ ಬಿಡ್ರಿ ಮಾಸ್ತರ" ಅಂದರು ಅಕ್ಕಾರು, "ನಲವತ್ತು ಚೀಲ ಮುಟ್ಟ್ಯಾವ ಅಂತ ಸರ್ಕಾರ ಒಪ್ಪಿಕೊಂಡಂಗಾತು. ನಾಳೆ ರೊಕ್ಕ ಕೇಳಾಕ ಇನ್ನೊಂದು ಅರ್ಜಿ ಬರದುಕೊಡ್ರಿ."